ಔಷಧ ಚೀಟಿ ಕಾಗದ ಬಿಟ್ಟ ಬಗೆ: ಅಮೆರಿಕದ ಕಾನೂನು ನಡೆದ ದಾರಿ

ವೈದ್ಯರು ಔಷಧ ಚೀಟಿಯನ್ನು ಕಂಪ್ಯೂಟರಿನಲ್ಲೇ ಸಿದ್ಧಪಡಿಸಿ ನೇರವಾಗಿ ಔಷಧದಂಗಡಿಗೆ ಕಳುಹಿಸಬೇಕೆಂಬ ನಿಯಮ ಇಂದು ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಜಾರಿಯಲ್ಲಿದೆ. ಓದಲಾಗದ ಕೈಬರಹವೇ ಇದಕ್ಕೆ ಕಾರಣವೆಂಬ ಮಾತು ಅರ್ಧ ಮಾತ್ರ ನಿಜ. ಔಷಧ ನೀಡಿಕೆಯ ತಪ್ಪುಗಳಿಂದ ದೇಶದಲ್ಲಿ ವರ್ಷಕ್ಕೆ ಕನಿಷ್ಠ 15 ಲಕ್ಷ ಜನರಿಗೆ ಹಾನಿಯಾಗುತ್ತಿದೆ ಎಂದು 2006ರಲ್ಲಿ ಅಂದಾಜಿಸಿದ ವೈದ್ಯಕೀಯ ಸಲಹಾ ಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2010ರೊಳಗೆ ಎಲ್ಲ ಚೀಟಿಗಳೂ ಎಲೆಕ್ಟ್ರಾನಿಕ್ ಆಗಬೇಕೆಂದು ಸಲಹೆ ನೀಡಿತ್ತು. ಮಿನ್ನೆಸೋಟಾ ರಾಜ್ಯ 2011ರ ಜನವರಿಯಿಂದ ಇದನ್ನು ಕಡ್ಡಾಯಗೊಳಿಸಿತಾದರೂ ತಪ್ಪಿದವರಿಗೆ ದಂಡವನ್ನೇ ವಿಧಿಸಲಿಲ್ಲ.

ದೊಡ್ಡ ಅಡ್ಡಿ ಕೇಂದ್ರ ಕಾನೂನಿನಲ್ಲೇ ಇತ್ತು. ಮಾದಕ ಗುಣವುಳ್ಳ ನಿಯಂತ್ರಿತ ಔಷಧಗಳನ್ನು ಎಲೆಕ್ಟ್ರಾನಿಕ್ ಚೀಟಿಯಲ್ಲಿ ಬರೆಯಲು ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಡಿಇಎ 2010ರ ಜೂನ್‌ವರೆಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಹೀಗಾಗಿ ಕಂಪ್ಯೂಟರಿಗೆ ಹೊಂದಿಕೊಂಡ ವೈದ್ಯರೂ ಪ್ರಬಲ ನೋವುನಿವಾರಕ ಬರೆಯಬೇಕಾದಾಗ ಮತ್ತೆ ಪ್ಯಾಡ್ ಹಿಡಿಯಬೇಕಿತ್ತು. ಹೊಸ ನಿಯಮದ ಪ್ರಕಾರ ಇಂಥ ಚೀಟಿಗೆ ಸಹಿ ಮಾಡುವಾಗ ಎರಡು ಬಗೆಯ ಗುರುತು ಬೇಕು: ಪಾಸ್‌ವರ್ಡ್ ಕೊಟ್ಟ ವೈದ್ಯರು ತಮ್ಮ ಬಳಿಯ ಪುಟ್ಟ ಸಾಧನದಲ್ಲಿ ಮೂಡುವ ಸಂಖ್ಯೆಯನ್ನೂ ನಮೂದಿಸಬೇಕು, ಇಲ್ಲವೇ ಬೆರಳಚ್ಚು ಒತ್ತಬೇಕು. ಕದ್ದ ಪ್ಯಾಡಿನಲ್ಲಿ ಸಹಿ ನಕಲು ಮಾಡಿದಷ್ಟು ಸುಲಭವಾಗಿ ಇದನ್ನು ವಂಚಿಸಲಾಗದು.

ಕಡ್ಡಾಯಕ್ಕೆ ನಿಜವಾದ ಬಲ ಬಂದದ್ದು ಚಟ ಹಿಡಿಸುವ, ಅಫೀಮಿನ ಬಗೆಯ ಓಪಿಯಾಯ್ಡ್ ನೋವುನಿವಾರಕಗಳ ಪಿಡುಗಿನಿಂದ. 2011ರ ಜೂನ್‌ನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಮೆಡ್‌ಫರ್ಡ್‌ನಲ್ಲಿ ಇದೇ ಮಾತ್ರೆಗಳಿಗಾಗಿ ಔಷಧದಂಗಡಿಗೆ ನುಗ್ಗಿದವನೊಬ್ಬ ನಾಲ್ವರನ್ನು ಗುಂಡಿಟ್ಟು ಕೊಂದ. ಮರುವರ್ಷ ಅಂಗೀಕಾರವಾದ ನ್ಯೂಯಾರ್ಕ್ ರಾಜ್ಯದ ಐ-ಸ್ಟಾಪ್ ಕಾಯ್ದೆ ನಿಯಂತ್ರಿತ ಔಷಧಗಳಷ್ಟೇ ಅಲ್ಲದೆ ಸಾಮಾನ್ಯ ಔಷಧಗಳ ಚೀಟಿಗಳನ್ನೂ ಎಲೆಕ್ಟ್ರಾನಿಕ್ ಆಗಿಸಿ, ದಂಡದ ಅವಕಾಶವನ್ನೂ ಇಟ್ಟುಕೊಂಡಿತು. ತಂತ್ರಾಂಶಗಳು ಸಿದ್ಧವಾಗದ ಕಾರಣ ಒಂದು ವರ್ಷ ಮುಂದೂಡಲ್ಪಟ್ಟ ಈ ನಿಯಮ 2016ರ ಮಾರ್ಚ್ 27ರಂದು ಜಾರಿಗೆ ಬಂತು. ವಿದ್ಯುತ್ ಅಥವಾ ತಾಂತ್ರಿಕ ವ್ಯವಸ್ಥೆ ಕೈಕೊಟ್ಟಾಗ ಕಾಗದದ ಚೀಟಿಗೆ ವಿನಾಯಿತಿ ಉಳಿಯಿತು, ಪಶುವೈದ್ಯರನ್ನು ಹೊರಗಿಡಲಾಯಿತು.

2018ರ ಅಕ್ಟೋಬರ್‌ನಲ್ಲಿ ಸಹಿಯಾದ ಕೇಂದ್ರದ ಸಪೋರ್ಟ್ ಕಾಯ್ದೆ, ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನಡಿ ಬರುವ ನಿಯಂತ್ರಿತ ಔಷಧಗಳಿಗೆ ಇದನ್ನು ದೇಶದುದ್ದಕ್ಕೂ ವಿಸ್ತರಿಸಿತು. ಅರ್ಹ ಚೀಟಿಗಳಲ್ಲಿ ಶೇ 70ರಷ್ಟು ಎಲೆಕ್ಟ್ರಾನಿಕ್ ಆಗಿರಬೇಕು. ವರ್ಷಕ್ಕೆ ಇಂಥ ನೂರು ಅಥವಾ ಅದಕ್ಕಿಂತ ಕಡಿಮೆ ಚೀಟಿ ಬರೆಯುವವರಿಗೆ ವಿನಾಯಿತಿಯಿದೆ.

ಈ ಓಟದಲ್ಲಿ ರೋಗಿಯ ಅನುಕೂಲ ಹಿಂದೆ ಬಿತ್ತೆಂದೇ ಹೇಳಬೇಕು. ಕಾಗದದ ಚೀಟಿ ಕೈಯಲ್ಲಿದ್ದವರು ಒಂದು ಅಂಗಡಿಯಲ್ಲಿ ಔಷಧ ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದಿತ್ತು. ಎಲೆಕ್ಟ್ರಾನಿಕ್ ಚೀಟಿ ತಲುಪಿದ ಅಂಗಡಿಯಲ್ಲಿ ನಿಯಂತ್ರಿತ ಔಷಧ ಮುಗಿದಿದ್ದರೆ, ನೋವಿನಲ್ಲಿರುವ ರೋಗಿ ಮತ್ತೆ ವೈದ್ಯರಿಗೇ ಕರೆ ಮಾಡಿ ಹೊಸ ಚೀಟಿ ಕಳುಹಿಸಲು ಕೇಳಿಕೊಳ್ಳಬೇಕಾಗುತ್ತಿತ್ತು. ಇಂಥ ಚೀಟಿಯನ್ನು ರೋಗಿಯ ಕೋರಿಕೆಯ ಮೇರೆಗೆ ಬೇರೊಂದು ಅಂಗಡಿಗೆ ವರ್ಗಾಯಿಸಲು ಡಿಇಎ ಅನುಮತಿ ಕೊಟ್ಟದ್ದು 2023ರ ಆಗಸ್ಟ್‌ನಲ್ಲಿ, ಅದೂ ಒಂದೇ ಒಂದು ಸಲಕ್ಕೆ. ಕಡ್ಡಾಯದ ಜೊತೆಗೇ ಬರಬೇಕಿದ್ದ ಈ ಸೌಲಭ್ಯಕ್ಕಾಗಿ ನ್ಯೂಯಾರ್ಕಿನ ರೋಗಿಗಳು ಏಳು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.