ಒತ್ತಿದ ಮೇಲೆ ಎಷ್ಟು ಹೊತ್ತು ಓಡುತ್ತೆ?

ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ನನ್ನ ಹತ್ತಿರ ರಿಪೇರಿಗೆ ಹೊತ್ತು ತಂದವರು ಅದನ್ನು ಟೇಬಲ್ ಮೇಲೆ ಇಡುವ ಮೊದಲೇ ಹೇಳಿಬಿಡುತ್ತಾರೆ: "ತುಂಬಾ ಬಿಸಿ ಆಗ್ತಿತ್ತು, ಈಗ ಆನೇ ಆಗ್ತಿಲ್ಲ." ನಾನು ತಿರುಗಿ ಕೇಳುವುದು ಒಂದೇ. ಬಟನ್ ಒತ್ತಿದ ಮೇಲೆ ಏನಾದ್ರೂ ಓಡುತ್ತಾ? ಓಡಿದರೆ ಎಷ್ಟು ಹೊತ್ತು? ಬಹಳ ಜನ ಇದನ್ನು ಗಮನಿಸಿರುವುದಿಲ್ಲ. ಆದರೆ ಅರ್ಧ ಕೆಲಸ ಆ ಉತ್ತರದಲ್ಲೇ ಮುಗಿದಿರುತ್ತದೆ.

ಏಕೆಂದರೆ "ಆನ್ ಆಗಲ್ಲ" ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಒತ್ತಿದರೂ ಒಂದು ಲೈಟೂ ಬರದಿರುವುದು ಬೇರೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುವುದು ಬೇರೆ. ಎಲ್ಲ ಫ್ಯಾನೂ ಜೋರಾಗಿ ತಿರುಗುತ್ತಾ ಪರದೆ ಮಾತ್ರ ಕಪ್ಪಾಗಿರುವುದು ಬೇರೆ. ಪೂರ್ತಿ ಬೂಟ್ ಆಗಿ, ಹತ್ತು ನಿಮಿಷ ಓಡಿ, ಪಟ್ ಅಂತ ಆಫ್ ಆಗುವುದು ಇನ್ನೂ ಬೇರೆ. ಇದರಲ್ಲಿ ಬಿಸಿಯ ಕಾಯಿಲೆ ಅಂತ ಧೈರ್ಯವಾಗಿ ಹೇಳಬಹುದಾದದ್ದು ಕೊನೆಯದು ಮಾತ್ರ. ಮೊದಲ ಮೂರಕ್ಕೂ ಬಿಸಿಗೂ ನೇರ ಸಂಬಂಧ ಇಲ್ಲದಿರುವುದೇ ಜಾಸ್ತಿ.

ಪ್ರೊಸೆಸರ್ ಒಳಗೇ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಈಗಿನ ಬಹಳಷ್ಟು ಚಿಪ್‌ಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಆಗಲೂ ಬಿಸಿ ಏರುತ್ತಲೇ ಹೋದರೆ ಇಡೀ ಯಂತ್ರ ಆಫ್ ಆಗುತ್ತದೆ. 2000ದ ಸುಮಾರಿನ, ಎಎಂಡಿ ಕಂಪನಿಯ ಕೆಲವು ಅಥ್ಲಾನ್ ಚಿಪ್‌ಗಳಿಗೆ ಈ ಕಾವಲು ಇರಲಿಲ್ಲ. ಪ್ರೊಸೆಸರ್ ಮೇಲೆ ಕೂತು ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್, ಕಳಚಿದರೆ ನೋಡನೋಡುತ್ತಲೇ ಸುಟ್ಟುಹೋಗುತ್ತಿದ್ದವು. ಈಗಿನದ್ದು ಹಾಗಲ್ಲ. ಆಫ್ ಆಯಿತು ಅಂದರೆ ಕಾವಲುಗಾರ ಎಚ್ಚರವಾಗಿದ್ದಾನೆ ಅಂತ ಅರ್ಥ. ಅದಕ್ಕೇ "ಬಿಸಿಯಾಗಿ ಪ್ರೊಸೆಸರ್ ಸುಟ್ಟಿರಬೇಕು" ಅಂತ ಯಾರಾದರೂ ಶುರು ಮಾಡಿದರೆ ನಾನು ತಲೆಯಾಡಿಸಿ ಸುಮ್ನಾಗುತ್ತೇನೆ. ನನ್ನ ಅನುಮಾನದ ಪಟ್ಟಿಯಲ್ಲಿ ಪ್ರೊಸೆಸರ್ ಯಾವಾಗಲೂ ಕೊನೆಗೆ.

ಮೊದಲಿಗೆ ಯಾರು? ಹಿಂದಿನವರ ಕೈ. ಹಳೆಯ ಯಂತ್ರದಲ್ಲಿ ತಾನಾಗಿ ಕೆಟ್ಟದ್ದಕ್ಕಿಂತ ಯಾರೋ ರಿಪೇರಿ ಮಾಡಲು ಹೋಗಿ ಬಿಟ್ಟುಹೋದದ್ದೇ ನನಗೆ ಹೆಚ್ಚು ಸಿಕ್ಕಿದೆ. ಸೈಡ್ ಪ್ಯಾನೆಲ್ ಬಿಚ್ಚಿದ ತಕ್ಷಣ ನಾನು ಯಾವುದನ್ನೂ ಮುಟ್ಟುವುದಿಲ್ಲ, ಸುಮ್ನೆ ನೋಡುತ್ತೇನೆ. ಯಾವ ಸ್ಕ್ರೂ ಇಲ್ಲ? ಯಾವ ಸ್ಕ್ರೂ ತಲೆ ಸವೆದಿದೆ? ಯಾವ ಕಡೆ ಧೂಳು ಒರೆಸಿದ ಗುರುತಿದೆ? ಹೀಟ್‌ಸಿಂಕ್ ಅಂಚಿನಲ್ಲಿ, ಬಿಸಿ ದಾಟಲಿ ಅಂತ ಅದಕ್ಕೂ ಪ್ರೊಸೆಸರ್‌ಗೂ ನಡುವೆ ಹಚ್ಚುವ ಪೇಸ್ಟ್ ಹೊರಗೆ ಇಣುಕುತ್ತಿದೆಯಾ?

ಒಂದು ಯಂತ್ರ ನೆನಪಾಗುತ್ತದೆ. ತಂದವನು ಕಾಲೇಜು ಹುಡುಗ. ಹಳೆಯ ಇಂಟೆಲ್ ಡೆಸ್ಕ್‌ಟಾಪ್. "ಸರ್, ಬಿಸಿ ಆಗ್ತಿತ್ತು ಅಂತ ನಾನೇ ಕ್ಲೀನ್ ಮಾಡಿ ಹೊಸ ಪೇಸ್ಟ್ ಹಾಕಿದೆ. ಆಮೇಲೆ ಮೊದಲಿಗಿಂತ ಬೇಗ ಆಫ್ ಆಗ್ತಿದೆ" ಅಂದ. ಆನ್ ಮಾಡಿ ನೇರ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆಗೆ, ಹೋದೆ. ಅಲ್ಲಿ ಸಿಪಿಯು (ಪ್ರೊಸೆಸರ್) ಉಷ್ಣತೆ ತೋರಿಸುವ ಸಾಲು ಇರುತ್ತದಲ್ಲ, ಅದು ನಮ್ಮ ಕಣ್ಣೆದುರೇ ಏರತೊಡಗಿತು. 58, 66, 75, 83. ಬೆರಳಿನಿಂದ ಹೀಟ್‌ಸಿಂಕ್ ಮುಟ್ಟಿ ನೋಡು ಅಂದೆ. ಮುಟ್ಟಿದ. "ತಣ್ಣಗಿದೆ ಸರ್!"

ಅಲ್ಲೇ ಉತ್ತರ ಸಿಕ್ಕಿತು. ಚಿಪ್ ಬಿಸಿಯಾಗುತ್ತಿದೆ, ಹೀಟ್‌ಸಿಂಕ್ ತಣ್ಣಗಿದೆ. ಅಂದರೆ ಬಿಸಿ ಚಿಪ್‌ನಿಂದ ಮೇಲಕ್ಕೆ ದಾಟುತ್ತಲೇ ಇಲ್ಲ. ಹೀಟ್‌ಸಿಂಕ್ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಲೆಕ್ಕವೇ ಬೇರೆ: ಬಿಸಿ ದಾಟಿದೆ, ಅದನ್ನು ಹೊತ್ತೊಯ್ಯಲು ಗಾಳಿ ಇಲ್ಲ. ಆಗ ಫ್ಯಾನ್ ಮತ್ತು ಧೂಳು ನೋಡಬೇಕು. ಒಂದು ಬೆರಳು ಸಾಕು ಇದಕ್ಕೆ. ಬಯೋಸ್‌ನಲ್ಲಿ ಐವತ್ತರ ಆಸುಪಾಸಿನಲ್ಲಿ ನಿಂತಿದ್ದರೆ ಗಾಬರಿ ಬೇಡ. ಅಲ್ಲಿ ಪ್ರೊಸೆಸರ್ ಪೂರ್ತಿ ವಿಶ್ರಾಂತಿಗೆ ಹೋಗುವುದಿಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಸುಮ್ನೆ ಇರುವಾಗಿನದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ನಿಲ್ಲದೆ ಏರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಹುಡುಗನ ಯಂತ್ರದಲ್ಲಿ ತಪ್ಪಿದ್ದು ಪೇಸ್ಟ್ ಅಲ್ಲ, ಒಂದು ಪಿನ್. ಇಂಟೆಲ್ ಪ್ರೊಸೆಸರ್‌ನ ಬಾಕ್ಸ್ ಜೊತೆ ಬರುವ ದುಂಡನೆಯ ಕೂಲರ್‌ಗೆ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದು) ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪುಶ್ ಪಿನ್ ಇರುತ್ತವೆ. 2004ರಿಂದ ಎಷ್ಟೋ ವರ್ಷ ಇದೇ ವಿನ್ಯಾಸ, ನನಗಂತೂ ಇದರ ಮೇಲೆ ಪ್ರೀತಿಯಿಲ್ಲ. ಪಿನ್ ತಲೆಯ ಮೇಲೆ ಒಂದು ಬಾಣದ ಗುರುತು ಇದೆ. ಜನ ಅದನ್ನು ನೋಡಿ "ಈ ಕಡೆ ತಿರುಗಿಸಿದರೆ ಟೈಟ್" ಅಂದುಕೊಳ್ಳುತ್ತಾರೆ. ಅದು ಬಿಚ್ಚುವ ದಿಕ್ಕು! ಕೂರಿಸುವಾಗ ಬಾಣದ ವಿರುದ್ಧ ದಿಕ್ಕಿಗೆ ತಿರುಗಿಸಿಟ್ಟುಕೊಂಡು, ಎದುರುಬದುರು ಮೂಲೆಗಳನ್ನು ಒಟ್ಟಿಗೆ ಒತ್ತಬೇಕು. ಟಕ್ ಅನ್ನಬೇಕು. ನಾಲ್ಕು ಪಿನ್‌ಗೆ ನಾಲ್ಕು ಟಕ್. ಆಮೇಲೆ ಮದರ್‌ಬೋರ್ಡಿನ ಹಿಂಭಾಗ ನೋಡಿ: ನಾಲ್ಕೂ ಕಡೆ ಬಿಳಿ ಕಾಲುಗಳ ನಡುವೆ ಕಪ್ಪು ಮೊಳೆ ಇಳಿದು, ಕಾಲು ಅಗಲವಾಗಿ ನಿಂತಿರಬೇಕು. ಹುಡುಗನ ಕೂಲರ್‌ನ ಒಂದು ಕಾಲು ಮಡಚಿಕೊಂಡಿತ್ತು. ಒಂದು ಮೂಲೆ ಎದ್ದರೆ ಇಡೀ ಹೀಟ್‌ಸಿಂಕ್ ಓರೆಯಾಗಿ ಕೂರುತ್ತದೆ. ನಡುವೆ ಗಾಳಿ ಸೇರಿದರೆ ಎಂಥ ಒಳ್ಳೆಯ ಪೇಸ್ಟ್ ಹಾಕಿದರೂ ಅಷ್ಟೆ.

ಪೇಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಇಟ್ಟು ಒತ್ತಿದರೆ ಸಾಕು. ಹೊಸ ಕೂಲರ್ ಹಾಕಿದ್ದರೆ ಅದರ ತಳದ ಪಾರದರ್ಶಕ ಹಾಳೆ ಕಿತ್ತಿದ್ದಾರಾ ಅಂತ ನೋಡಿ. ನಗಬೇಡಿ, ಕೀಳದೇ ವರ್ಷಗಟ್ಟಲೆ ಓಡಿಸಿದ್ದನ್ನು ನಾನೇ ಕಂಡಿದ್ದೇನೆ.

ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇದ್ದರೆ ಒಂದು ಎಚ್ಚರಿಕೆ. ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದಿರುತ್ತದೆ. ಹೀಟ್‌ಸಿಂಕ್ ಅನ್ನು ನೇರ ಮೇಲಕ್ಕೆ ಎಳೆದರೆ ಸಾಕೆಟ್‌ನ ಲಿವರ್ ಹಾಕಿದ್ದರೂ ಪ್ರೊಸೆಸರ್ ಸಮೇತ ಕಿತ್ತು ಬರಬಹುದು, ಅದರ ಪಿನ್ ಬಾಗಬಹುದು. ಮೊದಲು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಯಂತ್ರ ಓಡುವುದೇ ಇಲ್ಲ ಅಂದರೆ ಹೇರ್ ಡ್ರೈಯರ್‌ನ ಬಿಸಿಗಾಳಿ ಸಾಕು.

ಧೂಳಿನ ವಿಷಯದಲ್ಲಿ ಒಂದೇ ಮಾತು. ಫ್ಯಾನ್ ಮೇಲೆ ಕಾಣುವ ಧೂಳಲ್ಲ, ಫ್ಯಾನ್ ಬಿಚ್ಚಿದರೆ ಅದರ ಕೆಳಗೆ ಹೀಟ್‌ಸಿಂಕ್ ರೆಕ್ಕೆಗಳ ಮೇಲೆ ಕಂಬಳಿಯ ಹಾಗೆ ಕೂತಿರುತ್ತದಲ್ಲ, ಅದು ಗಾಳಿಯನ್ನು ಕಟ್ಟಿಹಾಕುವುದು. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಒತ್ತಿಹಿಡಿಯಿರಿ. ಸಿಕ್ಕಾಪಟ್ಟೆ ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ.

ಈಗ ಇನ್ನೊಂದು ಬಗೆ: ಕ್ಲೀನ್ ಮಾಡುವವರೆಗೆ ಓಡುತ್ತಿತ್ತು, ಮಾಡಿದ ಮೇಲೆ ಆನೇ ಆಗುತ್ತಿಲ್ಲ. ಇದನ್ನು ಕೇಳಿದರೆ ನನಗೆ ಒಳಗೊಳಗೇ ಸಮಾಧಾನ. ಕೆಟ್ಟದ್ದಕ್ಕಿಂತ ಕಳಚಿದ್ದೇ ಇರುತ್ತದೆ. ಪ್ರೊಸೆಸರ್ ಪಕ್ಕದಲ್ಲಿ ನಾಲ್ಕು ಅಥವಾ ಎಂಟು ಪಿನ್‌ನ ಬೇರೆಯೇ ಪವರ್ ಕೇಬಲ್ ಇದೆ. ಕೂಲರ್ ಬಿಚ್ಚುವಾಗ ಅಡ್ಡ ಬಂತು ಅಂತ ಕಿತ್ತು, ಮತ್ತೆ ಸಿಕ್ಕಿಸಲು ಮರೆಯುತ್ತಾರೆ. ಆಗ ಫ್ಯಾನ್ ತಿರುಗಬಹುದು, ಪರದೆಗೆ ಏನೂ ಬರುವುದಿಲ್ಲ. ಫ್ಯಾನ್ ವಯರ್ ಸಿಪಿಯು ಫ್ಯಾನ್ ಅಂತ ಬರೆದ ಜಾಗದಲ್ಲಿ ಇಲ್ಲದಿದ್ದರೆ ಎಷ್ಟೋ ಬೋರ್ಡ್‌ಗಳು ಎಫ್1 ಒತ್ತಿ ಅಂತ ನಿಂತುಬಿಡುತ್ತವೆ. ಮೊಣಕೈ ತಾಗಿ ರ‍್ಯಾಮ್ ಅರ್ಧ ಎದ್ದಿರುತ್ತದೆ. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಲ್ಲಿ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಒಂದೇ ಸ್ಟಿಕ್ ಹಾಕಿ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಅದಕ್ಕೇ ಇರಬೇಕು, ಮದರ್‌ಬೋರ್ಡ್‌ಗೆ ಅಲ್ಲ. ನಾಚಿಕೆ ಪಡಬೇಡಿ, ನನಗೂ ಆಗಿದೆ.

ಒಂದು ಲೈಟೂ ಬರದಿದ್ದರೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ) ಕಡೆ ತಿರುಗಬೇಕು. ಅದಕ್ಕೂ ಮೊದಲು ಪವರ್ ಬಟನ್. ಹಳೆಯ ಕ್ಯಾಬಿನೆಟ್‌ನಲ್ಲಿ ಬಟನ್ನೇ ಸತ್ತಿರುತ್ತದೆ. ಮದರ್‌ಬೋರ್ಡ್‌ನಲ್ಲಿ ಪವರ್ ಸ್ವಿಚ್‌ನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿ. ಆನ್ ಆಯಿತಾ? ಬಟನ್ ಬದಲಿಸಿ, ಮುಗಿಯಿತು. ಆಗದಿದ್ದರೆ ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನ ಎಲ್ಲ ಕೇಬಲ್ ಬಿಡಿಸಿ, 24 ಪಿನ್ ಕನೆಕ್ಟರ್‌ನ ಹಸಿರು ವಯರನ್ನು ಪಕ್ಕದ ಕಪ್ಪು ವಯರ್‌ಗೆ ಒಂದು ತುಂಡು ತಂತಿಯಿಂದ ಸೇರಿಸಿ, ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗಿದರೆ ಜೀವ ಇದೆ. ಆರೋಗ್ಯ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಮಲ್ಟಿಮೀಟರ್ ಬೇಕು: ಹಳದಿ ವಯರ್‌ನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಬರಬೇಕು. ಖಾಲಿ ಇದ್ದಾಗ ಸರಿಯಾಗಿ ತೋರಿಸಿ ಲೋಡ್ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಇವೆ, ಹಾಗಾಗಿ ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುವುದೇ ಗಟ್ಟಿ ಪರೀಕ್ಷೆ. ಆದರೆ ಆ ಡಬ್ಬ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ (ವಿದ್ಯುತ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು.

"ಬೆಳಗ್ಗೆ ನಾಲ್ಕೈದು ಸಲ ಒತ್ತಬೇಕು, ಒಮ್ಮೆ ಆನ್ ಆದರೆ ಇಡೀ ದಿನ ಓಡುತ್ತೆ" ಅಂತ ಕೆಲವರು ಹೇಳುತ್ತಾರೆ. ಇಲ್ಲಿ ಬಿಸಿಯ ಪಾತ್ರ ಇದೆ, ಆದರೆ ಹಳೆಯ ಬಿಸಿಯದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು ಬಿಸಿ ಏರುವ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಗುತ್ತದೆ ಅನ್ನುವುದು ನಮ್ಮ ಕೆಲಸದವರ ಕೈಲೆಕ್ಕ. ಹಿಂದಿನ ಮಾಲೀಕರು ವರ್ಷಗಟ್ಟಲೆ ಧೂಳಿನಲ್ಲಿ ಕಾಯಿಸಿದ್ದರೆ ಅವು ಒಣಗಿರುತ್ತವೆ. ತಣ್ಣಗಿದ್ದಾಗ ಕೈಕೊಡುತ್ತವೆ, ಸ್ವಲ್ಪ ಬೆಚ್ಚಗಾದ ಮೇಲೆ ಹೇಗೋ ನಿಭಾಯಿಸುತ್ತವೆ. ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ಟಾರ್ಚ್ ಹಿಡಿದು ನೋಡಿ. ಕೆಪಾಸಿಟರ್ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣ ಸೋರಿದ್ದರೆ, ಎಷ್ಟು ಪೇಸ್ಟ್ ಬದಲಿಸಿದರೂ ಉಪಯೋಗವಿಲ್ಲ. 2000ದ ದಶಕದ ಬೋರ್ಡ್‌ಗಳಲ್ಲಿ ಇದು ತೀರಾ ಸಾಮಾನ್ಯ. ಅಂಥದ್ದಕ್ಕೆ ಹಣ ಸುರಿಯುವುದು ಬೇಡ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಹುಡುಗನ ಯಂತ್ರಕ್ಕೆ ಹೊಸ ಪಿನ್ ಹಾಕಿ ಕೂಲರ್ ಕೂರಿಸಿದೆವು. ಈ ಸಲ ಬಯೋಸ್‌ನಲ್ಲಿ 44ಕ್ಕೆ ಬಂದು ನಿಂತಿತು. ಅವನು ಖುಷಿಯಾಗಿ ಕೇಬಲ್ ಸುತ್ತತೊಡಗಿದ. ಇರು ಅಂದೆ. ಸೈಡ್ ಪ್ಯಾನೆಲ್ ತೆಗೆದಿಟ್ಟು ನೋಡಿದ ಅಂಕಿ ಅದು. ಪ್ಯಾನೆಲ್ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು, ಒಂದು ದೊಡ್ಡ ವಿಡಿಯೊ ಕನ್ವರ್ಟ್ ಆಗಲು ಬಿಟ್ಟು, ಅರ್ಧ ಗಂಟೆ ಕಾದೆವು. 71 ದಾಟಲಿಲ್ಲ. ಆಮೇಲೆ ತೆಗೆದುಕೊಂಡು ಹೋದ.