ಮೂತಿ ಓರೆ, ದಾರಿ ನೇರ

ಅಡ್ಡಗಾಳಿ ಬೀಸುವ ದಿನ ಇಳಿಯಲು ಬರುತ್ತಿರುವ ನಾಲ್ಕು ಸೀಟಿನ ವಿಮಾನದಲ್ಲಿ ಪೈಲಟ್ ಪಕ್ಕ ಕೂತವರಿಗೆ ರನ್‌ವೇ ಎದುರಿಗೆ ಕಾಣುವುದಿಲ್ಲ. ಮುಂದಿನ ಗಾಜಿನ ಒಂದು ಬದಿಗೆ ಸರಿದಿರುತ್ತದೆ. ವಿಮಾನ ದಾರಿ ತಪ್ಪಿದೆ ಎಂದು ಗಾಬರಿಯಾಗುವುದು ಸಹಜ. ಆದರೆ ಹೊಳೆ ದಾಟುವ ಅಂಬಿಗ ದೋಣಿಯ ಮೂತಿಯನ್ನು ಸೆಳವಿಗೆ ಎದುರಾಗಿ ಓರೆ ಮಾಡುವಂತೆ, ಪೈಲಟ್ ಬೇಕೆಂದೇ ಮೂತಿಯನ್ನು ಗಾಳಿಯತ್ತ ತಿರುಗಿಸಿರುತ್ತಾನೆ.

ಎಷ್ಟು ಓರೆ? ಇಂಥದೇ ನಾಲ್ಕು ಸೀಟಿನ ಸೆಸ್ನಾ 172 ಇಳಿಯಲು ಬರುವಾಗಿನ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ಪಕ್ಕದಿಂದ 15 ನಾಟ್ ಗಾಳಿಯಿದ್ದರೆ ಹೆಚ್ಚುಕಡಿಮೆ 13 ಡಿಗ್ರಿ ತಿರುಗಬೇಕು. 140 ನಾಟ್‌ನಲ್ಲಿ ಬರುವ ಜೆಟ್‌ಗೆ ಅದೇ ಗಾಳಿಗೆ 6 ಡಿಗ್ರಿ ಸಾಕು.

ಪೈಲಟ್‌ಗಳು ಕ್ರ್ಯಾಬ್ ಎನ್ನುವ ಈ ಭಂಗಿ ನೋಡಲಷ್ಟೇ ಭಯ. ರೆಕ್ಕೆಗಳು ಸಮವಾಗಿರುತ್ತವೆ, ಕೈಯಲ್ಲಿರುವ ಲೋಟದ ನೀರು ಕೂಡ ವಾಲುವುದಿಲ್ಲ. ಹಾಗೆಂದು ಓರೆಯಾಗಿಯೇ ನೆಲ ಮುಟ್ಟುವಂತಿಲ್ಲ. ಟೈರುಗಳು ಅಡ್ಡಕ್ಕೆ ಉಜ್ಜಿ, ಗಾಲಿಯ ಕಾಲುಗಳ ಮೇಲೆ ಭಾರ ಬೀಳುತ್ತದೆ.

ಇನ್ನೊಂದು ವಿಧಾನ ಸೈಡ್‌ಸ್ಲಿಪ್. ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಿ, ವಿಮಾನ ಆ ಕಡೆಗೆ ತಿರುಗಿಬಿಡದಂತೆ ಬಾಲದ ಚುಕ್ಕಾಣಿಯನ್ನು (ರಡ್ಡರ್) ತಿರುಗಿಸುವ ಪೆಡಲನ್ನು ವಿರುದ್ಧ ದಿಕ್ಕಿಗೆ ಒತ್ತುವುದು. ಮೂತಿ ನೇರವಾಗುತ್ತದೆ, ಕಣ್ಣಿಗೆ ಸಮಾಧಾನ. ಕಷ್ಟವೆಲ್ಲ ಮೈಗೆ! ದೇಹ ತಗ್ಗಿದ ಬದಿಗೆ ಜಾರುತ್ತದೆ, ಭಾರವೆಲ್ಲ ಒಂದೇ ತೊಡೆಯ ಮೇಲೆ. ಪೈಲಟ್ ಮುಂದಿನ ಫಲಕದಲ್ಲಿ ಬಾಗಿದ ಗಾಜಿನ ಕೊಳವೆಯೊಳಗಿನ ಗುಂಡೂ ಅದೇ ಬದಿಗೆ ಉರುಳಿರುತ್ತದೆ. ಹೀಗೇ ಎರಡು ನಿಮಿಷ ಬಂದರೆ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸಲೂಬಹುದು.

ಅದಕ್ಕೇ ಹಲವರು ಕೊನೆಯವರೆಗೂ ಕ್ರ್ಯಾಬ್‌ನಲ್ಲೇ ಬಂದು, ನೆಲಕ್ಕೆ ಹತ್ತಿರವಾದಾಗ ಸ್ಲಿಪ್‌ಗೆ ಬದಲಾಯಿಸುತ್ತಾರೆ. ಪ್ರಯಾಣಿಕರಿದ್ದಾಗ ಇದೇ ಸರಿ. ಆದರೆ ಹೊಸಬರು ಸ್ವಲ್ಪ ಮೇಲಿಂದಲೇ ಸ್ಲಿಪ್ ಹಿಡಿಯುವುದರಲ್ಲಿ ಒಂದು ಲಾಭವಿದೆ. ಪೆಡಲನ್ನು ಪೂರ್ತಿ ತುಳಿದರೂ ಮೂತಿ ನೇರವಾಗದಿದ್ದರೆ ಗಾಳಿ ವಿಮಾನದ ಶಕ್ತಿ ಮೀರಿದೆ ಎಂದರ್ಥ. ಆಗ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮೇಲೇರುವುದೇ ದಾರಿ. ಸೆಸ್ನಾ 172ರ ಕೈಪಿಡಿಯಲ್ಲಿರುವ 15 ನಾಟ್ ಎಂಬುದು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಗಾಳಿಯೇ ಹೊರತು ಕಾನೂನಿನ ಗೆರೆಯಲ್ಲ. ಹೊಸಬರಿಗೆ ಅಷ್ಟೂ ಹೆಚ್ಚೇ. ಅಂದಹಾಗೆ, ಲೆಕ್ಕಕ್ಕೆ ಬರುವುದು ಗಾಳಿಯ ಅಡ್ಡ ಪಾಲು ಮಾತ್ರ. 20 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಕೋನದಲ್ಲಿ ಬೀಸಿದರೆ ಆ ಪಾಲು 10 ನಾಟ್.

ಸಮವಾಗಿ ಬೀಸುವ ಅಡ್ಡಗಾಳಿಗಿಂತ ಪ್ರಯಾಣಿಕರನ್ನು ಕಾಡುವುದು ಬಿಟ್ಟುಬಿಟ್ಟು ಬೀಸುವ ಗಾಳಿ. ನೆಲದ ಬಳಿ ಮರಗಳು, ವಿಮಾನ ನಿಲ್ಲಿಸುವ ಹ್ಯಾಂಗರ್‌ಗಳು ಅದನ್ನು ಇನ್ನಷ್ಟು ಒಡೆದು ಸುಳಿ ಮಾಡುತ್ತವೆ. ಆ ಕುಲುಕಾಟಕ್ಕೆ ಯಾವ ತಂತ್ರವೂ ಪೂರ್ತಿ ಮದ್ದಲ್ಲ.

ಮೊದಲು ನೆಲ ತಾಕುವುದು ಗಾಳಿ ಕಡೆಯ ಒಂದೇ ಗಾಲಿ, ಆಮೇಲೆ ಇನ್ನೊಂದು, ಕೊನೆಗೆ ಮೂಗಿನ ಗಾಲಿ. ಇದನ್ನು ಪೈಲಟ್ ಮೊದಲೇ ಹೇಳಿಟ್ಟರೆ ಹಿಂದಿನವರು ಸೀಟು ಬಿಗಿಹಿಡಿಯುವುದು ತಪ್ಪೀತು. ನೆಲ ಮುಟ್ಟಿದ ಮೇಲೂ ಗಾಳಿ ರೆಕ್ಕೆಯನ್ನು ಎತ್ತಬಲ್ಲದು. ಹಾಗಾಗಿ ವೇಗ ಇಳಿದಂತೆಲ್ಲ ಪೈಲಟ್ ಹಿಡಿಕೆಯನ್ನು ಗಾಳಿಯತ್ತ ಇನ್ನಷ್ಟು ತಿರುಗಿಸುತ್ತಾ ಹೋಗುತ್ತಾನೆ. ಅವನನ್ನು ಮಾತಾಡಿಸುವುದಿದ್ದರೆ ವಿಮಾನ ರನ್‌ವೇ ಬಿಟ್ಟು ಹೊರಳುವವರೆಗೆ ಕಾಯಬೇಕು.