ಹಳೇ ಕಲ್ಲು ಓದುವುದು ಸಂಶೋಧನೆ ಹೇಗಾಗುತ್ತದೆ?

ಪ್ರಶ್ನೆ: ನಮ್ಮ ಅಕ್ಕನ ಮಗಳು ಹಳೆಗನ್ನಡ ಶಾಸನಗಳ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ. ಭಾವನ ತಮ್ಮನ ಮಗ ಸಿವಿಲ್ ಇಂಜಿನಿಯರಿಂಗ್‌ನಲ್ಲಿ, ಕಾಂಕ್ರೀಟ್ ಮೇಲೆ ಮಾಡ್ತಿದ್ದಾನೆ. ಟಿವಿಯಲ್ಲಿ ನೋಡಿದರೆ ಚಂದ್ರನ ಮಣ್ಣಿನ ಮೇಲೂ ಸಂಶೋಧನೆ ಅಂತಾರೆ. ಎಲ್ಲರ ಹೆಸರಿನ ಹಿಂದೆಯೂ ಅದೇ 'ಡಾ.' ಬರುತ್ತೆ. ಲ್ಯಾಬ್ ಇದ್ದು, ಪ್ರಯೋಗ ಮಾಡಿದರೆ ಸರಿ. ಹಳೇ ಕಲ್ಲು ಓದೋದು ಸಂಶೋಧನೆ ಹೇಗಾಗುತ್ತೆ?

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗಲೂ ನನ್ನನ್ನು ಕೇಳಿದವರಿದ್ದಾರೆ. ಕೇಳುವವರ ತಲೆಯಲ್ಲಿ ಒಂದು ಚಿತ್ರ ಇರುತ್ತದೆ: ಬಿಳಿ ಕೋಟು, ಗಾಜಿನ ನಳಿಕೆ, ಒಂದಿಷ್ಟು ಹೊಗೆ. ಅದು ಕಾಣದಿದ್ದರೆ ಸುಮ್ನೆ ಓದಿಕೊಂಡು ಕೂತಿದ್ದಾರೆ ಅಂತ ಅನ್ನಿಸುತ್ತದೆ. ಉತ್ತರ ಹೇಳುವ ಮೊದಲು ಒಂದು ಕಲ್ಲಿನ ಹತ್ತಿರ ಹೋಗಿ ಬರೋಣ.

ಹಾಸನ ಜಿಲ್ಲೆ, ಬೇಲೂರು ತಾಲ್ಲೂಕಿನ ಹಲ್ಮಿಡಿ. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲಿಯ ಶಾಸನವನ್ನು ಗುರುತಿಸಿದರು. ಹದಿನಾರೇ ಸಾಲು. 'ಕ್ರಿ.ಶ. 450' ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಶಕವರ್ಷ ಇಲ್ಲ, ಸಂವತ್ಸರ ಇಲ್ಲ. ಹಾಗಾದರೆ 450 ಎಲ್ಲಿಂದ ಬಂತು?

ಮೊದಲನೆಯದು ಅಕ್ಷರದ ಆಕಾರ. ನಮ್ಮ ಅಜ್ಜಿಯ ಕೈಬರಹಕ್ಕೂ ನಮ್ಮ ಕೈಬರಹಕ್ಕೂ ವ್ಯತ್ಯಾಸ ಇದೆ, ಅಲ್ವಾ? ಅದೇ ರೀತಿ ಕಲ್ಲು ಕೆತ್ತುವವರ ಕ, ತ, ಮ ಕೂಡ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾ ಬಂದಿವೆ. ಕಾಲ ಗೊತ್ತಿರುವ ಶಾಸನಗಳ ಅಕ್ಷರಗಳನ್ನು ಸಾಲಾಗಿ ಜೋಡಿಸಿಕೊಂಡು, ಹೊಸದಾಗಿ ಸಿಕ್ಕ ಕಲ್ಲು ಯಾವುದರ ಪಕ್ಕ ಕೂರುತ್ತದೆ ಅಂತ ನೋಡುತ್ತಾರೆ. ಎರಡನೆಯದು ಅದರಲ್ಲಿ ಬರುವ ಹೆಸರುಗಳು. ಹಲ್ಮಿಡಿಯಲ್ಲಿ ಕದಂಬರ ಕಾಕುಸ್ಥನ ಹೆಸರಿದೆ. ಹಾಗಾಗಿ ಕದಂಬರ ಬೇರೆ ಶಾಸನಗಳ ಜೊತೆ ತಾಳೆ ನೋಡಬಹುದು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಆ ಕಲ್ಲಿನಲ್ಲಿ ಊರಿನ ಹೆಸರು ಹಲ್ಮಿಡಿ ಅಂತ ಇಲ್ಲ, 'ಪಲ್ಮಿಡಿ' ಅಂತ ಇದೆ. ಹಳೆಗನ್ನಡದಲ್ಲಿ ಪಾಲು, ಪುಲಿ, ಪೂ, ಪಳ್ಳಿ ಅಂತ ಇದ್ದದ್ದು ಮುಂದೆ ಹಾಲು, ಹುಲಿ, ಹೂ, ಹಳ್ಳಿ ಆಯಿತು. ಹತ್ತನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಈ ಹಕಾರ ತಲೆ ಹಾಕುವುದಕ್ಕೆ ಶುರುವಾಗುತ್ತದೆ. ಅಂದರೆ ಒಂದೇ ಒಂದು 'ಪ' ಕೂಡ ಸಾಕ್ಷಿ ಹೇಳುತ್ತದೆ. ಅದೊಂದರಿಂದಲೇ 450 ಅಂತ ಹೇಳುವುದಕ್ಕೆ ಆಗುವುದಿಲ್ಲ, ಆದರೆ ಉಳಿದ ಸಾಕ್ಷಿಗಳ ಜೊತೆ ಸೇರಿದಾಗ ಅದಕ್ಕೆ ತೂಕ ಬರುತ್ತದೆ. ಅದೇ ಶಾಸನದಲ್ಲಿ 'ಬಾಳ್ಗಳ್ಚು' ಅನ್ನುವ ಮಾತಿದೆ. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧದಲ್ಲಿ ಗೆದ್ದ ವೀರನ ಕತ್ತಿ ತೊಳೆದು ಕೊಡುವ ದತ್ತಿ. ಪಲ್ಮಿಡಿ, ಮೂಳಿವಳ್ಳಿ ಎರಡೂ ಊರು ವಿಜ ಅರಸನಿಗೆ ಹಾಗೆ ಸಿಕ್ಕವು.

ಇಷ್ಟೆಲ್ಲ ಸೇರಿಸಿದರೂ ಕೈಗೆ ಬರುವುದು 'ಸುಮಾರು 450'. ಆ ಕಾಲದ ಬಗ್ಗೆ ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಾರೆ, ಇನ್ನೂ ಈಚಿನದು ಅನ್ನುವವರಿದ್ದಾರೆ. ಇದರ ಮಧ್ಯೆ 2013ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಅಗೆದಾಗ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಸಿಕ್ಕಿತು. ಅದನ್ನು 370ರ ಸುಮಾರಿನದು ಅಂದರು. ಕನ್ನಡದ ಮೊದಲ ಶಾಸನ ಯಾವುದು ಅಂತ ಕೇಳಿದರೆ ಥಟ್ಟನೆ 'ಹಲ್ಮಿಡಿ' ಅನ್ನುತ್ತಿದ್ದವರು ಈಗ ಒಂದು ಕ್ಷಣ ತಡವರಿಸುತ್ತಾರೆ. ಹೊಸ ಸಾಕ್ಷಿ ಬಂದರೆ ಹಳೇ ಉತ್ತರ ಅಲುಗಾಡಬೇಕು. ಲ್ಯಾಬ್‌ನಲ್ಲಿ ಆಗುವುದೂ ಇದೇ.

ಇನ್ನು ಕೈಕೆಲಸ. ನಾನೊಮ್ಮೆ ಶಾಸನದ ಪಡಿಯಚ್ಚು, ಅಂದರೆ ಕಾಗದದ ಮೇಲೆ ಅದರ ಅಚ್ಚು, ತೆಗೆಯುವವರ ಜೊತೆ ಹೋಗಿದ್ದೆ. ಕಲ್ಲಿಗೆ ವರ್ಷ ವರ್ಷ ಹಬ್ಬಕ್ಕೆ ಬಳಿದ ಸುಣ್ಣ ಪದರ ಪದರವಾಗಿ ಕೂತಿತ್ತು. ಅರ್ಧ ದಿನ ಅದನ್ನು ತೊಳೆಯುವುದರಲ್ಲೇ ಹೋಯಿತು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಂಡಿಯೊಳಗೆ ಕೂರಿಸಬೇಕು. ತೇವ ಸ್ವಲ್ಪ ಆರಿದ ಮೇಲೆ ಮಸಿ ಉಂಡೆಯಿಂದ ಮೆಲ್ಲಗೆ ತಟ್ಟಬೇಕು. ಕಪ್ಪು ಹಾಳೆಯ ಮೇಲೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಮೊದಲನೇ ಹಾಳೆ ಗಾಳಿಗೆ ಹರಿದುಹೋಯಿತು. ಹಿಡಿದುಕೊಳ್ಳುವ ಕೆಲಸ ನನ್ನದಾಗಿತ್ತು, ಬೈಸಿಕೊಂಡೆ. ಎರಡನೇದರಲ್ಲಿ ಒಂದು ಸಾಲಿನ ಕೊನೆಯ ಅಕ್ಷರ 'ನ'ನೋ 'ವ'ನೋ ಅಂತ ಇಬ್ಬರು ಮೇಷ್ಟ್ರುಗಳು ಟೀ ಆರುವವರೆಗೆ ವಾದ ಮಾಡಿದರು. ಆಗ ನಗು ಬಂದಿತ್ತು. ಆಮೇಲೆ ಗೊತ್ತಾಯಿತು, ಆ ಒಂದು ಅಕ್ಷರದಲ್ಲಿ ಜಮೀನು ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಅನ್ನುವುದೇ ಅದಲು ಬದಲಾಗುತ್ತಿತ್ತು ಅಂತ.

ಈಗ ಭಾವನ ತಮ್ಮನ ಮಗನ ಕಡೆ ಬರೋಣ. ಕಾಂಕ್ರೀಟ್ ಅಂದರೆ ಅವನ ದಿನಚರಿ ಹೆಚ್ಚು ಕಡಿಮೆ ಹೀಗಿರುತ್ತದೆ: ಸಿಮೆಂಟು, ಮರಳು, ಜಲ್ಲಿಯ ಅಳತೆ ಬದಲಾಯಿಸಿ 150 ಮಿಲಿಮೀಟರಿನ ಕ್ಯೂಬುಗಳನ್ನು ಮಾಡುವುದು, ನೀರಿನ ತೊಟ್ಟಿಯಲ್ಲಿ ಕ್ಯೂರಿಂಗ್‌ಗೆ ಇಡುವುದು, ಏಳನೇ ದಿನ ಕೆಲವನ್ನು, 28ನೇ ದಿನ ಉಳಿದವನ್ನು ಒತ್ತುವ ಯಂತ್ರಕ್ಕೆ ಕೊಟ್ಟು ಒಡೆಯುವುದು. ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆದುಕೊಳ್ಳುವುದು. ಇದರಲ್ಲಿ ನಾಟಕೀಯ ಏನೂ ಇಲ್ಲ. 28 ದಿನ ಕಾಯಲೇಬೇಕು, ಗೈಡ್ ಬಂದು ಕೂಗಾಡಿದರೂ ಸಿಮೆಂಟು ಬೇಗ ಗಟ್ಟಿಯಾಗುವುದಿಲ್ಲ.

ಇದೇ ಕೆಲಸ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋದವರು ಸೇರಿ ಚಂದ್ರನ ಮೇಲೆ ಕಟ್ಟಡ ಕಟ್ಟಬೇಕಾದರೆ ಇಟ್ಟಿಗೆ ಹೇಗೆ ಮಾಡಬಹುದು ಅಂತ ತೋರಿಸಿದರು. ಚಂದ್ರನ ಮಣ್ಣಿನಂಥದೇ ಮಣ್ಣು, ಯೂರಿಯಾ, ಕ್ಯಾಲ್ಸಿಯಂ, ಸ್ಪೋರೋಸಾರ್ಸಿನಾ ಪಾಶ್ಚುರೈ ಅನ್ನುವ ಬ್ಯಾಕ್ಟೀರಿಯಾ, ಅದರ ಜೊತೆ ಗೋರಿಕಾಯಿ ಬೀಜದ ಅಂಟು. ಹೌದು, ಪಲ್ಯ ಮಾಡುತ್ತೇವಲ್ಲ, ಅದೇ ಗೋರಿಕಾಯಿ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ, ಅದರಿಂದ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ ಹುಟ್ಟುತ್ತದೆ, ಅದು ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಬಂದ ಗಟ್ಟಿಯನ್ನು ಲೇಥ್ ಮೆಷಿನ್‌ನಲ್ಲಿ ಬೇಕಾದ ಆಕಾರಕ್ಕೆ ಕಡೆಯಬಹುದು. ಆದರೆ ಚಂದ್ರನ ಮೇಲೆ ಹಗಲು ಬಿಸಿ 120 ಡಿಗ್ರಿ ಮುಟ್ಟುತ್ತದೆ, ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ ಇಳಿಯುತ್ತದೆ. ಇಟ್ಟಿಗೆ ಬಿರುಕು ಬಿಟ್ಟರೆ? ಆ ಬಿರುಕನ್ನು ಅದೇ ಬ್ಯಾಕ್ಟೀರಿಯಾದಿಂದ ಮುಚ್ಚಿಸಬಹುದಾ ಅಂತಲೂ ಮುಂದೆ ನೋಡಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಇಂಜಿನಿಯರಿಗೆ ಒಂದು ಭಾಗ್ಯ ಇದೆ. ಇಟ್ಟಿಗೆ ಒಡೆದುಹೋದರೆ ಇನ್ನೊಂದು ಮಾಡಬಹುದು. ನಂಬದಿದ್ದರೆ ನೀವೂ ಮಾಡಿ ನೋಡಬಹುದು. ಅಕ್ಕನ ಮಗಳಿಗೆ ಆ ಭಾಗ್ಯ ಇಲ್ಲ. ಐದನೇ ಶತಮಾನವನ್ನು ಮತ್ತೊಮ್ಮೆ ನಡೆಸಿ ನೋಡುವುದಕ್ಕೆ ಆಗುವುದಿಲ್ಲ.

ಹಾಗಾದರೆ ಚಂದ್ರನ ಮಣ್ಣು ನೋಡುವವರು? ಅವರ ಹತ್ತಿರ ರಾಕೆಟ್ ಇದೆ, ರೋವರ್ ಇದೆ, ಕೋಟಿಗಟ್ಟಲೆ ಹಣ ಇದೆ. ನಾವು ಅವರನ್ನು ಕಣ್ಣು ಮುಚ್ಚಿ ಇಂಜಿನಿಯರುಗಳ ಪಕ್ಕ ಕೂರಿಸುತ್ತೇವೆ. ನನ್ನ ಲೆಕ್ಕದಲ್ಲಿ ಅವರು ಕೂರಬೇಕಾದ್ದು ನಿಮ್ಮ ಅಕ್ಕನ ಮಗಳ ಪಕ್ಕ.

ಯಾಕೆ ಅಂತ ಹೇಳುತ್ತೇನೆ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯಿತಲ್ಲ, ಅದರ ಪ್ರಗ್ಯಾನ್ ರೋವರ್ ಓಡಾಡಿದ್ದು ಸುಮಾರು 100 ಮೀಟರ್. ಒಂದು ಬೀದಿಯಷ್ಟು ದೂರ. ಅಷ್ಟರಲ್ಲಿ 23 ಕಡೆ ನಿಂತು, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು ಮಾಡಿದ ಉಪಕರಣವನ್ನು ನೆಲಕ್ಕೆ ಹಿಡಿದು ಮಣ್ಣಿನಲ್ಲಿ ಏನೇನಿದೆ ಅಂತ ಅಳೆಯಿತು. ಅಲ್ಲಿ ಜಾಸ್ತಿ ಕಂಡದ್ದು ಅನಾರ್ಥೊಸೈಟ್ ಅನ್ನುವ ಬಿಳಿಚು ಕಲ್ಲಿನ ಪುಡಿ. ಅದರಿಂದ ಏನು ಗೊತ್ತಾಗುತ್ತದೆ? ಚಂದ್ರ ಹುಟ್ಟಿದ ಹೊಸದರಲ್ಲಿ ಅದರ ಮೈಯೆಲ್ಲ ಕರಗಿದ ಕಲ್ಲಿನ ಕಡಲಾಗಿತ್ತು, ತಣ್ಣಗಾಗುತ್ತಾ ಭಾರದ ಖನಿಜ ತಳಕ್ಕೆ ಇಳಿಯಿತು, ಹಗುರದ್ದು ಹಾಲಿನ ಕೆನೆಯ ಹಾಗೆ ಮೇಲೆ ಕಟ್ಟಿತು ಅನ್ನುವುದು ಅಮೆರಿಕದ ಅಪೊಲೊ ಯಾನಗಳ ಕಾಲದಿಂದ ಇರುವ ವಾದ. ಆ ಕೆನೆಯೇ ಅನಾರ್ಥೊಸೈಟ್. ಅಪೊಲೊದವರು ಇಳಿದಿದ್ದು ಚಂದ್ರನ ನಡುಭಾಗದ ಕಡೆ. ದಕ್ಷಿಣದ ತುದಿಯ ಹತ್ತಿರವೂ ಅದೇ ಕೆನೆ ಸಿಕ್ಕಿತು ಅಂದರೆ ವಾದಕ್ಕೆ ಬಲ ಬಂತು. 2024ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆ ಕಡಲು ಕುದಿದದ್ದು 400 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಅದೂ ಒಂದೇ ಸಲ. ಮತ್ತೆ ಕುದಿಸಿ ತೋರಿಸುವುದಕ್ಕೆ ಆಗುವುದಿಲ್ಲ. ಉಳಿದಿರುವುದು ಸವೆದ ಗುರುತು ಮಾತ್ರ. ಸಿಕ್ಕ ಗುರುತನ್ನು ಬೇರೆ ಕಡೆ ಸಿಕ್ಕ ಗುರುತಿನ ಜೊತೆ ತಾಳೆ ನೋಡಿ, ಏನಾಗಿರಬಹುದು ಅಂತ ಹೇಳಬೇಕು. ಪಲ್ಮಿಡಿಯ 'ಪ'ಕಾರಕ್ಕೂ ಇದಕ್ಕೂ ವ್ಯತ್ಯಾಸ ಎಲ್ಲಿದೆ, ಹೇಳಿ?

ಅಂದ ಹಾಗೆ, ಈ ಅನಾರ್ಥೊಸೈಟ್ ನೋಡಬೇಕಾದರೆ ಚಂದ್ರನವರೆಗೆ ಹೋಗಬೇಕಿಲ್ಲ. ತಮಿಳುನಾಡಿನ ನಾಮಕ್ಕಲ್ ಕಡೆ ಸಿತ್ತಂಪೂಂಡಿ ಅಂತ ಊರಿದೆ. ಅಲ್ಲಿಯ ಕಲ್ಲನ್ನು ತಂದು ಪುಡಿ ಮಾಡಿಯೇ ಇಸ್ರೋದವರು ಚಂದ್ರಯಾನ-2ರ ಪರೀಕ್ಷೆಗೆ ನಕಲಿ ಚಂದ್ರನ ಮಣ್ಣು ತಯಾರಿಸಿದ್ದು. ನಮ್ಮ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ ಲ್ಯಾಂಡರಿನ ಕ್ಯಾಮೆರಾ, ಸೆನ್ಸರುಗಳ ಪರೀಕ್ಷೆಗೆ ಜಾಗ ಮಾಡಿದ್ದರು. ಕಲ್ಲಿನ ಮೂಲ ಹುಡುಕುವವರು ಒಂದು ಕಡೆ, ಆ ಕಲ್ಲಿನ ಮೇಲೆ ಗಾಡಿ ಓಡಿಸುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಪುಡಿಯಲ್ಲಿ ಕೈ ಹಾಕುತ್ತಾರೆ, ಕೇಳುವ ಪ್ರಶ್ನೆ ಮಾತ್ರ ಬೇರೆ.

ಇನ್ನೂ ಅನುಮಾನ ಇದ್ದರೆ ಬ್ಯಾಬಿಲೋನಿನ, ಅಂದರೆ ಈಗಿನ ಇರಾಕಿನಲ್ಲಿದ್ದ ಹಳೇ ನಗರದ, ಕಥೆ ಕೇಳಿ. ಕ್ರಿ.ಪೂ. 136ರ ಏಪ್ರಿಲ್ 15ಕ್ಕೆ ಅಲ್ಲಿ ಪೂರ್ಣ ಸೂರ್ಯಗ್ರಹಣ ಆಯಿತು. ನೋಡಿದವರು ಜೇಡಿಮಣ್ಣಿನ ಹಲಗೆಯ ಮೇಲೆ ಬೆಣೆಲಿಪಿಯಲ್ಲಿ, ಅಂದರೆ ಬೆಣೆಯಾಕಾರದ ಗುರುತುಗಳ ಲಿಪಿಯಲ್ಲಿ, ಬರೆದಿಟ್ಟರು. ಶುಕ್ರ, ಬುಧ ಕಂಡವು, ಗುರು, ಮಂಗಳ ಕೂಡ ಕಂಡವು ಅಂತ ಹೆಸರು ಸಮೇತ ಬರೆದಿದ್ದಾರೆ. ಈಗ ಹಿಂದಕ್ಕೆ ಲೆಕ್ಕ ಹಾಕಿ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಅಂತ ಇಟ್ಟುಕೊಂಡರೆ ಆ ಗ್ರಹಣದ ನೆರಳು ಬ್ಯಾಬಿಲೋನಿನ ಮೇಲೆ ಬೀಳುವುದೇ ಇಲ್ಲ. ಎಷ್ಟೋ ಪಶ್ಚಿಮಕ್ಕೆ, ಸ್ಪೇನಿನ ಮಲ್ಯೋರ್ಕಾ ದ್ವೀಪದ ಕಡೆ ಬೀಳುತ್ತದೆ. ಆದರೆ ನೋಡಿದವರು ಬ್ಯಾಬಿಲೋನಿನಲ್ಲಿದ್ದರು. ಅಂದರೆ ಭೂಮಿಯ ಗಡಿಯಾರ ಈ ನಡುವೆ ಮೂರು ಗಂಟೆಗೂ ಸ್ವಲ್ಪ ಜಾಸ್ತಿ ಹಿಂದೆ ಬಿದ್ದಿದೆ. ಇಂಥ ಗ್ರಹಣದ ದಾಖಲೆಗಳನ್ನು ಬ್ಯಾಬಿಲೋನ್, ಚೀನಾ, ಗ್ರೀಸ್, ಅರಬ್ ನಾಡುಗಳಿಂದ ಕಲೆಹಾಕಿ 2016ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು: ದಿನದ ಉದ್ದ ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿದೆ. ಭೂಮಿ ನಿಧಾನ ಆಗುವುದಕ್ಕೆ ದೊಡ್ಡ ಕಾರಣ ಚಂದ್ರನಿಂದ ಏಳುವ ಉಬ್ಬರ. ಆ ನಿಧಾನವನ್ನು ಸಾವಿರಾರು ವರ್ಷದ ಉದ್ದಕ್ಕೆ ಅಳೆಯಬೇಕಾದರೆ ಬೆಣೆಲಿಪಿ ಓದುವ ಒಬ್ಬರು ಬೇಕೇ ಬೇಕಿತ್ತು.

ನಮ್ಮ ಶಾಸನಗಳಲ್ಲೂ 'ಸೂರ್ಯಗ್ರಹಣದಂದು', 'ಸೋಮಗ್ರಹಣದಂದು' (ಚಂದ್ರಗ್ರಹಣದ ದಿನ) ಧಾರೆ ಎರೆದು ಕೊಟ್ಟ ದಾನಗಳು ಲೆಕ್ಕವಿಲ್ಲದಷ್ಟು ಇವೆ. ಬೆಂಗಳೂರಿನ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಇಂಥ ಉಲ್ಲೇಖಗಳನ್ನು ಹುಡುಕಿ ಖಗೋಳದ ಕಣ್ಣಿನಿಂದ ನೋಡಿದ್ದಾರೆ. ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಶಾಸನದಲ್ಲಿ ಹೇಳಿದ ತಿಥಿ, ವಾರ, ಗ್ರಹಣ ಒಂದಕ್ಕೊಂದು ಕೂಡಿ ಬರದಿದ್ದರೆ ಅದು ಕೂಟಶಾಸನ ಇರಬಹುದು. ಅಂದರೆ ಜಮೀನಿಗಾಗಿ ಆಮೇಲೆ ಯಾರೋ ಮಾಡಿಸಿದ ಖೋಟಾ ದಾಖಲೆ. ಜಮೀನಿನ ಕಾಗದ ತಿದ್ದುವ ವಿದ್ಯೆ ಇವತ್ತಿನದಲ್ಲ.

ಇನ್ನು 'ಡಾ.' ವಿಷಯ. ಯಾವ ವಿಷಯವೇ ಆಗಲಿ, ಮಹಾಪ್ರಬಂಧವನ್ನು ಆ ವಿಶ್ವವಿದ್ಯಾಲಯಕ್ಕೆ ಸೇರದ ಕಡೇ ಪಕ್ಷ ಇಬ್ಬರು ಪರೀಕ್ಷಕರು ಓದಬೇಕು, ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಅವರು ನೋಡುವುದು ಲ್ಯಾಬ್ ಇತ್ತಾ ಅಂತಲ್ಲ. ಇದರಲ್ಲಿ ಹೊಸದು ಏನು, ಅದಕ್ಕೆ ಸಾಕ್ಷಿ ಎಲ್ಲಿ, ಇನ್ನೊಬ್ಬರು ಅದೇ ಸಾಕ್ಷಿ ಹಿಡಿದು ತಪ್ಪು ಹುಡುಕಬಹುದಾ ಅಂತ. ಹಾಗಂತ ಬರುವ ಪ್ರಬಂಧವೆಲ್ಲ ಚಿನ್ನ ಅಂತ ನಾನೇನೂ ಹೇಳುವುದಿಲ್ಲ. ನಮ್ಮ ಸಾಹಿತ್ಯದ ಕಡೆ 'ಇಂಥವರ ಬದುಕು ಬರಹ: ಒಂದು ಅಧ್ಯಯನ' ಅನ್ನುವ ತಲೆಬರಹ ಹಾಕಿ ಕಥೆಯ ಸಾರಾಂಶ ಬರೆದು ಮುಗಿಸಿದವರಿದ್ದಾರೆ. ಇಂಜಿನಿಯರಿಂಗ್ ಕಡೆ ಸಿಮೆಂಟಿಗೆ ಹಾರುಬೂದಿಯನ್ನು (ಕಲ್ಲಿದ್ದಲು ಉರಿದು ಉಳಿದ ನುಣ್ಣನೆ ಬೂದಿ) ಶೇ. 10 ಹಾಕಿ ಒಂದು ಗ್ರಾಫ್, 15 ಹಾಕಿ ಇನ್ನೊಂದು, 20 ಹಾಕಿ ಮತ್ತೊಂದು ಅಂತ ಪುಟ ತುಂಬಿಸಿದವರೂ ಇದ್ದಾರೆ. ಲ್ಯಾಬ್ ಇದ್ದ ಮಾತ್ರಕ್ಕೆ ಅದು ಉದ್ಧಾರ ಆಗಲಿಲ್ಲ. ನಿಮಗೇ ನೋಡಬೇಕು ಅನ್ನಿಸಿದರೆ 'ಶೋಧಗಂಗಾ' ಅನ್ನುವ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಕನ್ನಡದವೂ ಬೇಕಾದಷ್ಟಿವೆ.

ಓದುವಷ್ಟು ವ್ಯವಧಾನ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಅಕ್ಕನ ಮಗಳು ಊರಿಗೆ ಬಂದಾಗ, ಹತ್ತಿರದಲ್ಲಿ ಯಾವುದಾದರೂ ವೀರಗಲ್ಲೋ ಶಾಸನವೋ ಇದ್ದರೆ ಕತ್ತಲಾದ ಮೇಲೆ ಅವಳ ಜೊತೆ ಹೋಗಿ. ಮಟಮಟ ಮಧ್ಯಾಹ್ನ ಬರೀ ಕಲ್ಲಾಗಿ ಕಾಣುವುದಕ್ಕೆ ಪಕ್ಕದಿಂದ, ಕಲ್ಲಿಗೆ ಒರಗಿಸಿದ ಹಾಗೆ ಟಾರ್ಚ್ ಹಿಡಿಯಿರಿ. ಸವೆದ ಅಕ್ಷರದ ಒಂದು ಅಂಚಿಗೆ ನೆರಳು ಬಿದ್ದು ಸಾಲು ಸಾಲಾಗಿ ಎದ್ದು ಬರುತ್ತದೆ. ಆ ಹೊತ್ತಿಗೆ ಆಕಾಶದಲ್ಲಿ ಅರ್ಧ ಚಂದ್ರ ಇದ್ದರೆ ಒಂದು ಬೈನಾಕ್ಯುಲರ್ ಹಿಡಿದು ಬೆಳಕು ಕತ್ತಲೆ ಕೂಡುವ ಗೆರೆಯನ್ನು ನೋಡಿ. ಹುಣ್ಣಿಮೆಯಲ್ಲಿ ಚಪ್ಪಟೆಯಾಗಿ ಕಾಣುವ ಕುಳಿಗಳು ಅಲ್ಲಿ ಮಾತ್ರ ಒಂದೊಂದಾಗಿ ಆಳ ತೋರಿಸುತ್ತವೆ. ಅಲ್ಲಿಗೂ ಬಿಸಿಲು ಬೀಳುತ್ತಿರುವುದು ಪಕ್ಕದಿಂದಲೇ.